ಹಾಲೆಮರದ ಗುರುತು: ಆಟಿ ಕಷಾಯದಿಂದ ಕಿಮೋಥೆರಪಿಯವರೆಗೆ ಒಂದು ಚಾರಿತ್ರಿಕ ಅವಲೋಕನ

1. ಪ್ರಸ್ತಾವನೆ

ದಕ್ಷಿಣ ಕನ್ನಡ ಜಿಲ್ಲೆಯ ಪೂರ್ವಭಾಗದಲ್ಲಿ, ಪಶ್ಚಿಮ ಘಟ್ಟದ ಬುಡಕ್ಕೆ ತಾಗಿಕೊಂಡಂತೆ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಿವೆ. ಇವುಗಳಲ್ಲಿ ಕಡಬವು ಮುಖ್ಯವಾಗಿ ಪುತ್ತೂರು ಹಾಗೂ ಸುಳ್ಯ ತಾಲೂಕುಗಳ ಗ್ರಾಮಗಳನ್ನು ಒಳಗೊಂಡು ಈಚೆಗೆ ರೂಪುಗೊಂಡ ತಾಲೂಕು. ಕುಮಾರಧಾರಾ ಮತ್ತು ಪಯಸ್ವಿನಿ ನದಿಗಳು ಹರಿಯುವ ಈ ಸೀಮೆಯಲ್ಲಿ ಅಡಿಕೆ ತೋಟ, ಗುಡ್ಡ, ಬಾಣೆ, ಕಾಡುಗಳು ಒಂದರ ಮಗ್ಗುಲಲ್ಲಿ ಒಂದು ಇವೆ. ತುಳು, ಕನ್ನಡ, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಮಲಯಾಳಂ, ಕೊಂಕಣಿ ಮುಂತಾದ ಭಾಷೆಗಳನ್ನಾಡುವ ಜನರಲ್ಲಿ ಮದ್ದಿನ ಗಿಡಗಳ ತಿಳಿವಳಿಕೆ ಮನೆಮಾತಿನಂತೆಯೇ ಬಳಕೆಯಲ್ಲಿದೆ.

ಈ ತಿಳಿವಳಿಕೆಯನ್ನು ದಾಖಲಿಸಿದ ಬರೆಹಗಳು ಕನ್ನಡದಲ್ಲಿ ಸಾಕಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಒಂದು ಕಡೆ ಗಿಡದ ಹೆಸರನ್ನೂ ಇನ್ನೊಂದು ಕಡೆ ಅದು ಗುಣಪಡಿಸುವ ರೋಗದ ಹೆಸರನ್ನೂ ಕೊಡುವ ಪಟ್ಟಿಗಳಾಗಿವೆ. ಆದರೆ ಮದ್ದಿನ ಜ್ಞಾನವೆಂದರೆ ಇಷ್ಟೇ ಅಲ್ಲ. ಯಾವ ಮರ, ಯಾವ ಭಾಗ, ಯಾವ ಕಾಲ, ಎಷ್ಟು ಪ್ರಮಾಣ, ಯಾರಿಗೆ ಸಲ್ಲದು ಎಂಬ ಕಟ್ಟುಪಾಡುಗಳು ಸೇರಿದಾಗಲೇ ಗಿಡವು ಮದ್ದಾಗುತ್ತದೆ. ಈ ಕಟ್ಟುಪಾಡುಗಳ ಒಟ್ಟು ಮೊತ್ತವನ್ನು ಪ್ರಸ್ತುತ ಪ್ರಬಂಧದಲ್ಲಿ ‘ಗುರುತು’ ಎಂದು ಕರೆಯಲಾಗಿದೆ. ಜನಪದರು ಆಚರಣೆಯ ರೂಪದಲ್ಲಿ, ಸಸ್ಯವಿಜ್ಞಾನಿಗಳು ಹೆಸರಿನ ರೂಪದಲ್ಲಿ, ರಸಾಯನವಿಜ್ಞಾನಿಗಳು ಅಣುರಚನೆಯ ರೂಪದಲ್ಲಿ, ಕಾನೂನು ಶೀಶೆಯ ಮೇಲಿನ ಚೀಟಿಯ ರೂಪದಲ್ಲಿ ಈ ಗುರುತನ್ನು ಕಾಪಾಡಿಕೊಂಡು ಬಂದಿದ್ದಾರೆ. ಗುರುತನ್ನು ಕಳಚಿಕೊಂಡು ವಸ್ತುವೊಂದೇ ಪ್ರಯಾಣ ಮಾಡಿದಾಗಲೆಲ್ಲ ಅಪಾಯ ಒದಗಿದೆ. ಕ್ಯಾನ್ಸರ್ ಔಷಧಗಳ ಚರಿತ್ರೆ ಇದಕ್ಕೆ ಸ್ಪಷ್ಟವಾದ ಸಾಕ್ಷ್ಯವನ್ನು ಒದಗಿಸುತ್ತದೆ. ಈ ಮಾತನ್ನು ತುಳುನಾಡಿನ ಹಾಲೆಮರವನ್ನು ಕೇಂದ್ರವಾಗಿಟ್ಟುಕೊಂಡು ಪರಿಶೀಲಿಸುವುದು ಇಲ್ಲಿನ ಉದ್ದೇಶ.

2. ಆಟಿ ಅಮಾವಾಸ್ಯೆಯ ಕಷಾಯ

ಕನ್ನಡದಲ್ಲಿ ಹಾಲೆ, ಮದ್ದಾಲೆ, ಏಳೆಲೆ ಹಾಲೆ ಎಂದೂ ತುಳುವಿನಲ್ಲಿ ಪಾಲೆ ಎಂದೂ ಸಂಸ್ಕೃತದಲ್ಲಿ ಸಪ್ತಪರ್ಣ ಎಂದೂ ಕರೆಯಲಾಗುವ ಮರ ಆಲ್‌ಸ್ಟೋನಿಯಾ ಸ್ಕೊಲಾರಿಸ್. ಗಿಣ್ಣಿನ ಸುತ್ತ ಏಳರಂತೆ ಸುತ್ತುಗಟ್ಟಿದ ಎಲೆಗಳಿಂದ ಇದಕ್ಕೆ ಈ ಹೆಸರು. ಎಲೆಗಳ ಸಂಖ್ಯೆ ಏಳೇ ಆಗಿರಬೇಕೆಂದಿಲ್ಲ. ತೊಗಟೆಯನ್ನು ಕೆತ್ತಿದರೆ ಬಿಳಿಯ ಹಾಲು ಒಸರುತ್ತದೆ.

ತುಳುವರ ಆಟಿ ತಿಂಗಳು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಸೌರಮಾಸ. ಹಿಂದೆ ಮಳೆ ಬಿಡದೆ ಸುರಿಯುವ, ಬೇಸಾಯದ ಕೆಲಸ ನಿಂತಿರುವ, ದಾಸ್ತಾನು ಕರಗುವ, ಜ್ವರ ಮತ್ತು ಹೊಟ್ಟೆಯ ಕಾಯಿಲೆಗಳು ಹೆಚ್ಚುವ ತಿಂಗಳಾಗಿತ್ತು ಇದು. ಈ ತಿಂಗಳ ಅಮಾವಾಸ್ಯೆಯ ದಿನ ಹಾಲೆಯ ತೊಗಟೆಯ ಕಷಾಯವನ್ನು ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿಯುವ ಪದ್ಧತಿ ಇಂದಿಗೂ ಇದೆ. ಆ ದಿನ ಮರದಲ್ಲಿ ಸಾವಿರದೊಂದು ಬಗೆಯ ಮದ್ದು ಸೇರಿರುತ್ತದೆ ಎಂಬುದು ಜನರ ನಂಬಿಕೆ.

ಆಚರಣೆಯ ವಿವರಗಳನ್ನು ಗಮನಿಸಬೇಕು. ತೊಗಟೆಯನ್ನು ಸೂರ್ಯೋದಯಕ್ಕೆ ಮುನ್ನ ತರಬೇಕು. ಕಬ್ಬಿಣ ತಾಗಿಸಬಾರದು, ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಕತ್ತಲೆಯಲ್ಲಿ ಹೋಗುವುದರಿಂದ ಹಿಂದಿನ ದಿನವೇ ಮರವನ್ನು ನೋಡಿ ಗುರುತಿಟ್ಟುಕೊಂಡು ಬರಬೇಕು. ತಂದ ತೊಗಟೆಯನ್ನು ಅರೆದು ರಸ ಹಿಂಡಿ ಅಥವಾ ಕುದಿಸಿ, ಬೆಳ್ಳುಳ್ಳಿ, ಕರಿಮೆಣಸು, ಓಮ ಮುಂತಾದವುಗಳನ್ನು ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬಿಳಿ ಬೆಣಚುಕಲ್ಲನ್ನು ಅದರಲ್ಲಿ ಅದ್ದುತ್ತಾರೆ. ಕುಡಿಯುವುದು ಸಣ್ಣ ಪ್ರಮಾಣದಲ್ಲಿ, ವರ್ಷಕ್ಕೆ ಒಂದೇ ದಿನ. ಕಷಾಯದ ‘ಉಷ್ಣ’ವನ್ನು ತಣಿಸಲು ಬಳಿಕ ಮೆಂತೆಯ ಗಂಜಿ ಉಣ್ಣುತ್ತಾರೆ.

ಇವುಗಳಲ್ಲಿ ಕೆಲವು ಕಟ್ಟಳೆಗಳಿಗೆ ಧಾರ್ಮಿಕ ಅರ್ಥವಿದೆ, ಕೆಲವಕ್ಕೆ ವ್ಯಾವಹಾರಿಕ ಅರ್ಥವಿದೆ, ಕೆಲವನ್ನು ಬಿಡಿಸಿ ಹೇಳುವುದು ಕಷ್ಟ. ಆದರೆ ಎಲ್ಲವೂ ಸೇರಿ ಮಾಡುವ ಕೆಲಸ ಒಂದೇ. ಸಸ್ಯ, ಭಾಗ, ಋತು, ತಯಾರಿಕೆಯ ಕ್ರಮ, ಪ್ರಮಾಣ, ಪಥ್ಯ ಇವಿಷ್ಟನ್ನೂ ಅವು ನಿಗದಿಪಡಿಸುತ್ತವೆ. ಅಕ್ಷರವಿಲ್ಲದ ಕಾಲದಲ್ಲಿ ಮದ್ದಿನ ಚೀಟಿಯನ್ನು ಆಚರಣೆಯಾಗಿ ಬರೆದಿಟ್ಟಂತೆ ಇದು.

ಮುನ್ನಾದಿನವೇ ಮರವನ್ನು ಗುರುತಿಸಬೇಕೆಂಬ ಕಟ್ಟಳೆಯ ಮಹತ್ವ ಇಲ್ಲಿನ ಕಾಡುಗಳನ್ನು ಬಲ್ಲವರಿಗೆ ಗೊತ್ತಾಗುತ್ತದೆ. ಇದೇ ಗುಡ್ಡಗಳಲ್ಲಿ ಕಾಸರಕದ ಮರವೂ ಬೆಳೆಯುತ್ತದೆ. ಸ್ಟ್ರಿಕ್ನಾಸ್ ನಕ್ಸ್-ವೊಮಿಕಾ ಎಂಬ ಈ ಮರದ ಬೀಜ ಮತ್ತು ತೊಗಟೆಗಳಲ್ಲಿ ಸ್ಟ್ರಿಕ್ನೀನ್, ಬ್ರೂಸೀನ್ ಎಂಬ ತೀವ್ರ ವಿಷಗಳಿವೆ. ಹಾಲೆಯೆಂದು ಭಾವಿಸಿ ಕಾಸರಕದ ತೊಗಟೆಯನ್ನು ಕೆತ್ತಿ ತಂದರೆ ಸ್ನಾಯುಗಳ ಸೆಳೆತ ಆರಂಭವಾಗಿ ಪ್ರಾಣಕ್ಕೆ ಎರವಾಗಬಹುದು. ಹಾಲೆಯಲ್ಲಿ ಹಾಲು ಒಸರುತ್ತದೆ, ಕಾಸರಕದಲ್ಲಿ ಒಸರುವುದಿಲ್ಲ. ಹಾಲೆಯ ಎಲೆಗಳು ಸುತ್ತಾಗಿ ಕೂಡಿರುತ್ತವೆ, ಕಾಸರಕದ ಎಲೆಗಳು ಎದುರುಬದುರಾಗಿರುತ್ತವೆ. ಹಗಲಿನಲ್ಲಿ ಈ ವ್ಯತ್ಯಾಸವನ್ನು ಕಾಣಲು ಯಾವ ಪಾಂಡಿತ್ಯವೂ ಬೇಕಿಲ್ಲ. ಕತ್ತಲೆಯಲ್ಲಿ, ಅವಸರದಲ್ಲಿ, ಮರದ ಪರಿಚಯವಿಲ್ಲದವರ ಕೈಯಲ್ಲಿ ಅದು ಕಾಣದೇ ಹೋಗುತ್ತದೆ.

3. ಹೆಸರುಗಳ ಚರಿತ್ರೆ

ಹಾಲೆಮರ ಮುದ್ರಿತ ಗ್ರಂಥಕ್ಕೆ ಬಂದದ್ದು ಪಶ್ಚಿಮ ಕರಾವಳಿಯ ಮೂಲಕವೇ. ಕೊಚ್ಚಿಯ ಡಚ್ ಆಡಳಿತಾಧಿಕಾರಿ ಹೆಂಡ್ರಿಕ್ ವಾನ್ ರೀಡ್ ಸಂಪಾದಿಸಿದ ‘ಹೋರ್ಟುಸ್ ಮಲಬಾರಿಕುಸ್’ ಗ್ರಂಥದ 12 ಸಂಪುಟಗಳು 1678ರಿಂದ 1693ರ ಅವಧಿಯಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟವಾದವು. ಇಟ್ಟಿ ಅಚ್ಯುತನ್ ಎಂಬ ಮಲಬಾರಿನ ವೈದ್ಯರೂ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ವಿದ್ವಾಂಸರೂ ಇದರ ತಯಾರಿಯಲ್ಲಿ ಭಾಗಿಗಳು. ಮೊದಲ ಸಂಪುಟದಲ್ಲಿಯೇ ‘ಪಾಲ’ ಎಂಬ ಹೆಸರಿನಲ್ಲಿ ಹಾಲೆಯ ಚಿತ್ರವೂ ವಿವರಣೆಯೂ ಇವೆ. ಚಿತ್ರಪಟಗಳ ಮೇಲೆ ಸಸ್ಯದ ಹೆಸರನ್ನು ಹಲವು ಲಿಪಿಗಳಲ್ಲಿ ಕೆತ್ತಿರುವುದು ಗಮನಾರ್ಹ. ಒಂದೇ ಮರಕ್ಕೆ ಹಲವು ಹೆಸರುಗಳಿವೆಯೆಂಬುದನ್ನೂ ಅವುಗಳನ್ನು ಹೊಂದಿಸಿ ಕೊಡದಿದ್ದರೆ ಗ್ರಂಥ ನಿರುಪಯುಕ್ತವೆಂಬುದನ್ನೂ ಸಂಪಾದಕರು ಅರಿತಿದ್ದರು.

ಲಿನೇಯಸ್ 1767ರಲ್ಲಿ ಈ ಮರಕ್ಕೆ ‘ಎಕೈಟಿಸ್ ಸ್ಕೊಲಾರಿಸ್’ ಎಂಬ ಹೆಸರನ್ನಿಟ್ಟ. ಇದರ ಹಗುರವಾದ ಮರವನ್ನು ಶಾಲಾಮಕ್ಕಳ ಬರೆಯುವ ಹಲಗೆಗಳಿಗೆ ಬಳಸುತ್ತಿದ್ದುದರಿಂದ ‘ಸ್ಕೊಲಾರಿಸ್’ ಎಂಬ ವಿಶೇಷಣ ಬಂತು. ಮುಂದೆ ರಾಬರ್ಟ್ ಬ್ರೌನ್ ಎಡಿನ್‌ಬರೋದ ಸಸ್ಯವಿಜ್ಞಾನಿ ಚಾರ್ಲ್ಸ್ ಆಲ್‌ಸ್ಟನ್ ಸ್ಮರಣೆಯಲ್ಲಿ ‘ಆಲ್‌ಸ್ಟೋನಿಯಾ’ ಎಂಬ ಹೊಸ ಕುಲವನ್ನು ಸ್ಥಾಪಿಸಿದ. ಹಳೆಯ ಹೆಸರು ಸಸ್ಯಶಾಸ್ತ್ರದಲ್ಲಿ ಬಳಕೆ ತಪ್ಪಿದರೂ ರಸಾಯನಶಾಸ್ತ್ರದಲ್ಲಿ ಉಳಿದುಕೊಂಡಿತು. ತೊಗಟೆಯ ಮುಖ್ಯ ಆಲ್ಕಲಾಯ್ಡ್‌ನ ಹೆಸರು ಇಂದಿಗೂ ‘ಎಕಿಟಮೀನ್’.

1868ರಲ್ಲಿ ಎಡ್ವರ್ಡ್ ವೇರಿಂಗ್ ಸಂಪಾದಕತ್ವದಲ್ಲಿ ಹೊರಬಂದ ‘ಫಾರ್ಮಕೋಪಿಯಾ ಆಫ್ ಇಂಡಿಯಾ’ ಹಾಲೆಯ ತೊಗಟೆಗೆ ಅಧಿಕೃತ ಔಷಧಗಳ ಸಾಲಿನಲ್ಲಿ ಸ್ಥಾನ ಕೊಟ್ಟಿತು. ಫಿಲಿಪೈನ್ಸ್ ದ್ವೀಪಗಳಲ್ಲಿ ‘ದಿತಾ’ ಎಂಬ ಹೆಸರಿನ ಇದೇ ತೊಗಟೆಯಿಂದ ಕ್ವಿನೈನಿಗೆ ಬದಲಿಯೊಂದು ದೊರೆಯುವುದೆಂಬ ಉತ್ಸಾಹ 19ನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನಲ್ಲಿ ಹಬ್ಬಿತು. ಮಲೇರಿಯಾ ಪೀಡಿತ ಪ್ರದೇಶಗಳಿಗೆ ಇದು ದೊಡ್ಡ ಆಶ್ವಾಸನೆಯಾಗಿತ್ತು. ಮುಂದಿನ ಪರೀಕ್ಷೆಗಳಲ್ಲಿ ಆ ನಿರೀಕ್ಷೆ ಉಳಿಯಲಿಲ್ಲ. ಜ್ವರಕ್ಕೆ ಕಹಿ ಕಷಾಯ ಕೊಡುವುದು ಬೇರೆ, ಮಲೇರಿಯಾದ ಪರೋಪಜೀವಿಯನ್ನು ಕೊಲ್ಲುವುದು ಬೇರೆ ಎಂಬ ವಿವೇಚನೆ ಪ್ರಯೋಗದಿಂದ ಬಂತು. ಗುಣದ ಹೆಸರೂ ಗುರುತಿನ ಒಂದು ಭಾಗ. ಅದನ್ನು ತಪ್ಪಾಗಿ ಅಂಟಿಸಿದರೆ ರೋಗಿ ನಿಜವಾದ ಔಷಧದಿಂದ ವಂಚಿತನಾಗುತ್ತಾನೆ.

4. ಅಣುವಿಗೆ ಹಚ್ಚಿದ ಗುರುತು

ಎಕಿಟಮೀನನ್ನು ಜರ್ಮನ್ ರಸಾಯನವಿಜ್ಞಾನಿಗಳು 19ನೆಯ ಶತಮಾನದಲ್ಲಿಯೇ ಬೇರ್ಪಡಿಸಿದ್ದರು. ಅದರ ಅಣುರಚನೆ ಇತ್ಯರ್ಥವಾದುದು 1960ರ ದಶಕದ ಆರಂಭದಲ್ಲಿ. ಮದ್ರಾಸಿನಲ್ಲಿ ಟಿ. ಆರ್. ಗೋವಿಂದಾಚಾರಿ ಮತ್ತು ಸಹೋದ್ಯೋಗಿಗಳು ರಾಸಾಯನಿಕ ವಿಧಾನದಿಂದಲೂ ಗ್ಲಾಸ್ಗೋದ ಸಂಶೋಧಕರು ಎಕ್ಸ್-ರೇ ವಿಧಾನದಿಂದಲೂ ಈ ಕೆಲಸದಲ್ಲಿ ತೊಡಗಿದ್ದರು. ಅಂದಿನಿಂದ ಹಾಲೆಗೆ ಎಲೆ, ಹೂವು, ಹಾಲುಗಳ ಗುರುತಿನ ಜೊತೆಗೆ ಅಣುವಿನ ಗುರುತೂ ಸೇರಿತು.

ಇದೇ ದಶಕದಲ್ಲಿ ಹಾಲೆಯ ಕುಟುಂಬದ್ದೇ ಆದ ಇನ್ನೊಂದು ಗಿಡ ಪ್ರಪಂಚದ ಗಮನ ಸೆಳೆಯಿತು. ಪುತ್ತೂರಿನಿಂದ ಸುಬ್ರಹ್ಮಣ್ಯದವರೆಗೆ ಮನೆಯಂಗಳಗಳಲ್ಲಿ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪವೇ ಅದು. ಕಾಶಿ ಕಣಗಿಲೆಯೆಂದೂ ಇದಕ್ಕೆ ಹೆಸರಿದೆ. ಮಡಗಾಸ್ಕರ್ ಮೂಲದ ಈ ಗಿಡದ ಹಳೆಯ ಶಾಸ್ತ್ರೀಯ ಹೆಸರು ವಿಂಕಾ ರೋಸಿಯಾ, ಈಗಿನದು ಕ್ಯಾಥರಾಂಥಸ್ ರೋಸಿಯಸ್. ಇಲ್ಲಿಯೂ ಹಳೆಯ ಹೆಸರು ಔಷಧದಲ್ಲಿ ಉಳಿದಿದೆ. ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಹೆಸರುಗಳು ವಿಂಕಾ ಎಂಬುದರಿಂದ ಬಂದವು.

ಈ ಗಿಡದೊಳಗೆ ಆಲ್ಕಲಾಯ್ಡುಗಳು ಹೇಗೆ ತಯಾರಾಗುತ್ತವೆ ಎಂಬುದನ್ನು ತಿಳಿಯಲು ಬ್ರಿಟನ್ನಿನ ಅಲನ್ ಬ್ಯಾಟರ್ಸ್‌ಬಿ, ಸ್ವಿಟ್ಜರ್ಲೆಂಡಿನ ಡುಯಿಲಿಯೊ ಅರಿಗೋನಿ ಮುಂತಾದವರು ಬಳಸಿದ ವಿಧಾನಕ್ಕೆ ರಸಾಯನಶಾಸ್ತ್ರದಲ್ಲಿ ‘ಗುರುತುಹಚ್ಚುವಿಕೆ’ ಎಂದೇ ಹೆಸರು. ಒಂದು ಅಣುವಿನಲ್ಲಿರುವ ಸಾಮಾನ್ಯ ಕಾರ್ಬನ್ನಿನ ಬದಲು ವಿಕಿರಣಶೀಲವಾದ ಕಾರ್ಬನ್-14ನ್ನು, ಅಥವಾ ಹೈಡ್ರೋಜನ್ನಿನ ಬದಲು ಟ್ರಿಷಿಯಮನ್ನು ಇರಿಸಿ ಗಿಡಕ್ಕೆ ಉಣಿಸಲಾಗುತ್ತದೆ. ಕೆಲವು ದಿನಗಳ ಬಳಿಕ ಗಿಡದಿಂದ ಆಲ್ಕಲಾಯ್ಡನ್ನು ಬೇರ್ಪಡಿಸಿ ಅದರಲ್ಲಿ ವಿಕಿರಣವಿದೆಯೇ, ಇದ್ದರೆ ಅಣುವಿನ ಯಾವ ಮೂಲೆಯಲ್ಲಿದೆ ಎಂದು ನೋಡುತ್ತಾರೆ. ಸಂತೆಗೆ ಹೋದ ದನವನ್ನು ಕಿವಿಯ ಗುರುತಿನಿಂದ ಪತ್ತೆ ಮಾಡಿದ ಹಾಗೆ ಪರಮಾಣುವಿನ ಜಾಡನ್ನು ಹಿಡಿಯುವ ಕ್ರಮವಿದು. ಲೊಗಾನಿನ್ ಎಂಬ ವಸ್ತು ಸೆಕೊಲೊಗಾನಿನ್ ಆಗಿ, ಅದು ಟ್ರಿಪ್ಟಮೀನಿನೊಡನೆ ಕೂಡಿ, ಮುಂದೆ ಈ ಗುಂಪಿನ ಆಲ್ಕಲಾಯ್ಡುಗಳಿಗೆ ತಾಯಿಯಾಗುತ್ತದೆ ಎಂಬುದು ಹೀಗೆ ತಿಳಿದುಬಂತು. ಆ ತಾಯಿ ಅಣುವಿನ ಹೆಸರು ಸ್ಟ್ರಿಕ್ಟೊಸಿಡಿನ್.

ಇದರ ಫಲಿತಾರ್ಥ ನಮ್ಮ ವಿಷಯಕ್ಕೆ ಮುಖ್ಯ. ಹಾಲೆಯ ಎಕಿಟಮೀನ್, ನಿತ್ಯಪುಷ್ಪದ ವಿನ್‌ಕ್ರಿಸ್ಟಿನ್, ಕಾಸರಕದ ಸ್ಟ್ರಿಕ್ನೀನ್ ಇವು ಮೂರೂ ಒಂದೇ ತಾಯಿ ಅಣುವಿನಿಂದ ಕವಲೊಡೆದವು. ಕಷಾಯ, ಕ್ಯಾನ್ಸರ್ ಔಷಧ, ಮಾರಕ ವಿಷ ಎಂಬ ಮೂರು ಬೇರೆ ಬೇರೆ ಹಣೆಪಟ್ಟಿಗಳು ನಿಸರ್ಗದ ಒಂದೇ ಕಾರ್ಯಾಗಾರದ ಸರಕಿಗೆ ಅಂಟಿಕೊಂಡಿವೆ. ಗಿಡಮೂಲಿಕೆಯೆಂದರೆ ಸೌಮ್ಯ, ಕೆಮಿಕಲ್ ಎಂದರೆ ಕ್ರೂರ ಎಂಬ ಜನಪ್ರಿಯ ವಿಭಜನೆಗೆ ಇಲ್ಲಿ ಆಧಾರ ಸಿಗುವುದಿಲ್ಲ.

5. ಅಡ್ಡಪರಿಣಾಮವೇ ಔಷಧವಾದುದು

ನಿತ್ಯಪುಷ್ಪದ ಔಷಧದ ಕಥೆ ಆರಂಭವಾದುದು ಮಧುಮೇಹದಿಂದ. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಇದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. ಕೆನಡಾದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾನಿಲಯದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಇದನ್ನು ಇಲಿಗಳ ಮೇಲೆ ಪರೀಕ್ಷಿಸಿದಾಗ ರಕ್ತದ ಸಕ್ಕರೆ ಇಳಿಯಲಿಲ್ಲ. ಬದಲಾಗಿ ಬಿಳಿ ರಕ್ತಕಣಗಳು ತೀವ್ರವಾಗಿ ಕುಸಿದವು, ಇಲಿಗಳು ಸೋಂಕಿನಿಂದ ಸತ್ತವು. ಮಧುಮೇಹದ ಔಷಧವಾಗಿ ನೋಡಿದರೆ ಇದು ವಿಷ. ಬಿಳಿ ರಕ್ತಕಣಗಳು ಮಿತಿಮೀರಿ ಬೆಳೆಯುವ ಲ್ಯುಕೇಮಿಯಾ ಮುಂತಾದ ಕಾಯಿಲೆಗಳ ದೃಷ್ಟಿಯಿಂದ ನೋಡಿದರೆ ಇದೇ ಔಷಧ. 1958ರಲ್ಲಿ ವಿನ್‌ಬ್ಲಾಸ್ಟಿನ್ ಪ್ರಕಟವಾಯಿತು. ಎಲಿ ಲಿಲ್ಲಿ ಕಂಪೆನಿಯ ಪ್ರಯೋಗಾಲಯದಲ್ಲಿ ವಿನ್‌ಕ್ರಿಸ್ಟಿನ್ ದೊರೆಯಿತು. 1960ರ ದಶಕದ ಆರಂಭದಲ್ಲಿ ಎರಡೂ ಚಿಕಿತ್ಸೆಗೆ ಬಂದವು. ಮಕ್ಕಳ ಲ್ಯುಕೇಮಿಯಾದ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಇಂದಿಗೂ ಅನಿವಾರ್ಯವಾದ ಔಷಧ. ಒಂದು ಗ್ರಾಂ ಔಷಧಕ್ಕೆ ನೂರಾರು ಕಿಲೋ ಒಣ ಎಲೆ ಬೇಕಾಗುತ್ತದೆ. ಅಂಗಳದ ಗಿಡದ ಎಲೆಯನ್ನು ಜಗಿದರೆ ಕ್ಯಾನ್ಸರ್ ವಾಸಿಯಾಗುವುದೆಂಬ ಮಾತಿನ ಪೊಳ್ಳುತನವನ್ನು ಈ ಪ್ರಮಾಣವೊಂದೇ ತೋರಿಸಿಕೊಡುತ್ತದೆ.

ವಿನ್‌ಬ್ಲಾಸ್ಟಿನ್ ಮತ್ತು ವಿನ್‌ಕ್ರಿಸ್ಟಿನ್ ಅಣುಗಳ ವ್ಯತ್ಯಾಸ ಅತ್ಯಲ್ಪ. ಒಂದರಲ್ಲಿ ಮೀಥೈಲ್ ಗುಂಪು ಇರುವಲ್ಲಿ ಇನ್ನೊಂದರಲ್ಲಿ ಫಾರ್ಮೈಲ್ ಗುಂಪು ಇದೆ. ಅಡ್ಡಪರಿಣಾಮಗಳ ವ್ಯತ್ಯಾಸ ಮಾತ್ರ ದೊಡ್ಡದು. ವಿನ್‌ಬ್ಲಾಸ್ಟಿನ್ ಮುಖ್ಯವಾಗಿ ಅಸ್ಥಿಮಜ್ಜೆಯನ್ನು ಕುಗ್ಗಿಸುತ್ತದೆ. ವಿನ್‌ಕ್ರಿಸ್ಟಿನ್ ನರಗಳನ್ನು ಬಾಧಿಸಿ ಕೈಕಾಲುಗಳಲ್ಲಿ ಜೋಮು, ನಡಿಗೆಯಲ್ಲಿ ತೊಡಕು, ತೀವ್ರ ಮಲಬದ್ಧತೆಗಳನ್ನು ಉಂಟುಮಾಡುತ್ತದೆ. ಎರಡೂ ಔಷಧಗಳು ಜೀವಕೋಶ ಒಡೆಯುವಾಗ ರೂಪುಗೊಳ್ಳುವ ಸೂಕ್ಷ್ಮನಾಳಗಳನ್ನು ತಡೆಯುತ್ತವೆ. ನರತಂತುವಿನಲ್ಲಿ ವಸ್ತುಗಳ ಸಾಗಾಟ ನಡೆಯುವುದು ಅದೇ ಬಗೆಯ ನಾಳಗಳ ಮೇಲೆ. ಹೀಗೆ ಔಷಧದ ಕೆಲಸವೂ ಅದರ ಕಾಟವೂ ಒಂದೇ ಮೂಲದವು.

ಪಶ್ಚಿಮ ಘಟ್ಟದ ಇನ್ನೊಂದು ಮರವೂ ಇದೇ ಪಾಠವನ್ನು ಹೇಳುತ್ತದೆ. ಕನ್ನಡದಲ್ಲಿ ದುರ್ವಾಸನೆ ಮರವೆಂದು ಕರೆಯಲಾಗುವ ನೋಥಪೊಡೈಟಿಸ್ ನಿಮ್ಮೋನಿಯಾನಾ ಹಿಂದೆ ಮ್ಯಾಪಿಯಾ ಫೀಟಿಡಾ ಎಂಬ ಹೆಸರಿನಲ್ಲಿತ್ತು. ಚೀನಾದ ಕ್ಯಾಂಪ್ಟೊಥೀಕಾ ಮರದಿಂದ ಅಮೆರಿಕದ ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ 1966ರಲ್ಲಿ ಪ್ರಕಟಿಸಿದ ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್-ನಿರೋಧಕ ವಸ್ತು ನಮ್ಮ ಘಟ್ಟದ ಈ ಮರದಲ್ಲಿಯೂ ಇದೆಯೆಂದು 1972ರಲ್ಲಿ ತೋರಿಸಿದವರು ಗೋವಿಂದಾಚಾರಿ ಮತ್ತು ವಿಶ್ವನಾಥನ್. ಎಕಿಟಮೀನಿನ ರಚನೆಗಾಗಿ ಶ್ರಮಿಸಿದ ಗೋವಿಂದಾಚಾರಿಯವರು ಅಷ್ಟರಲ್ಲಿ ಮುಂಬಯಿಯ ಸಿಬಾ ಸಂಶೋಧನಾ ಕೇಂದ್ರದಲ್ಲಿದ್ದರು. ಆದರೆ ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ಕ್ಯಾಂಪ್ಟೊಥೆಸಿನ್ನಿನ ಸೋಡಿಯಂ ಲವಣವನ್ನು ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದ ರಕ್ತಸ್ರಾವ, ಅಸ್ಥಿಮಜ್ಜೆಯ ಕುಸಿತ, ಭೇದಿಗಳು ಕಾಣಿಸಿಕೊಂಡು ಪ್ರಯೋಗ ನಿಂತಿತು. 1985ರಲ್ಲಿ ಅದು ಟೊಪೊಐಸೊಮರೇಸ್-1 ಎಂಬ ಕಿಣ್ವವನ್ನು ತಡೆಯುತ್ತದೆಂದು ತಿಳಿದ ಮೇಲೆ ಆಸಕ್ತಿ ಮರುಹುಟ್ಟಿತು. ಅಣುವನ್ನು ತಿದ್ದಿ ಮಾಡಿದ ಟೊಪೊಟೆಕಾನ್, ಇರಿನೊಟೆಕಾನ್‌ಗಳಿಗೆ 1996ರಲ್ಲಿ ಅಮೆರಿಕದ ಮಂಜೂರಾತಿ ದೊರೆಯಿತು. ವಸ್ತು ಸಿಕ್ಕಿದ ದಿನದಿಂದ ಔಷಧ ಸಿಕ್ಕಿದ ದಿನಕ್ಕೆ 30 ವರ್ಷ ಹಿಡಿಯಿತು. ಆ ಅವಧಿಯ ದೊಡ್ಡ ಪಾಲು ಅಡ್ಡಪರಿಣಾಮದೊಡನೆ ನಡೆದ ಹೋರಾಟವೇ ಆಗಿತ್ತು.

6. ಮತ್ತೆ ಹಾಲೆಯ ಕಡೆಗೆ: ಮಣಿಪಾಲ ಮತ್ತು ಮಂಗಳೂರಿನ ಸಂಶೋಧನೆಗಳು

2000ರ ದಶಕದಲ್ಲಿ ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ವಿಕಿರಣ ಜೀವವಿಜ್ಞಾನ ವಿಭಾಗದಲ್ಲಿ ಗಣೇಶಚಂದ್ರ ಜಗೇಟಿಯಾ ಮತ್ತು ಮಂಜೇಶ್ವರ ಶ್ರೀನಾಥ ಬಾಳಿಗಾ ಅವರು ಹಾಲೆಯ ತೊಗಟೆಯ ಮೇಲೆ ನಡೆಸಿದ ಅಧ್ಯಯನಗಳು ನಮ್ಮ ಪ್ರದೇಶದ ಆಚರಣೆಗೆ ಅತಿ ಹತ್ತಿರವಾದವು. ತೊಗಟೆಯ ಸಾರವು ಕೃಷಿಮಾಡಿದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ, ಗಡ್ಡೆಯಿರುವ ಇಲಿಗಳ ಆಯುಷ್ಯವನ್ನು ಹೆಚ್ಚಿಸುತ್ತದೆ, ವಿಕಿರಣದ ಪರಿಣಾಮವನ್ನು ಹೆಚ್ಚಿಸುತ್ತದೆ ಎಂಬ ಫಲಿತಾಂಶಗಳು 2003ರಿಂದ 2006ರ ಅವಧಿಯಲ್ಲಿ ಪ್ರಕಟವಾದವು. ಪತ್ರಿಕೆಯ ತಲೆಬರಹಕ್ಕೆ ಇಷ್ಟು ಸಾಕು. ಆದರೆ ಅದೇ ಸಂಶೋಧಕರು ತಮ್ಮ ಪ್ರಬಂಧಗಳಲ್ಲಿ ಬರೆದ ಉಳಿದ ಮಾತುಗಳಲ್ಲಿ ಗುರುತಿನ ನಿಜವಾದ ಭಾಗವಿದೆ. ಆಲ್ಕಲಾಯ್ಡುಗಳ ಸಾರವನ್ನು ಪರೀಕ್ಷಿಸಿದಾಗ ಗಡ್ಡೆಯ ಮೇಲೆ ಅತ್ಯಧಿಕ ಪರಿಣಾಮ ತೋರಿದ ಪ್ರಮಾಣವೇ ಇಲಿಗಳಲ್ಲಿ ವಿಷಲಕ್ಷಣವನ್ನೂ ತೋರಿತು. ಆದ್ದರಿಂದ ಅದಕ್ಕಿಂತ ಕೆಳಗಿನ ಪ್ರಮಾಣವನ್ನು ಅವರು ಸೂಕ್ತವೆಂದು ಪರಿಗಣಿಸಿದರು. ಗರ್ಭಿಣಿ ಇಲಿಗಳಿಗೆ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಮರಿಗಳ ಬೆಳವಣಿಗೆಗೆ ಹಾನಿಯಾಯಿತು.

2004ರಲ್ಲಿ ಪ್ರಕಟವಾದ ವಿಷಪರಿಣಾಮದ ಅಧ್ಯಯನ ಇನ್ನಷ್ಟು ಕುತೂಹಲಕರ. ಬೇರೆ ಬೇರೆ ಋತುಗಳಲ್ಲಿ ಸಂಗ್ರಹಿಸಿದ ತೊಗಟೆಯ ಸಾರಗಳನ್ನು ಹೋಲಿಸಿದಾಗ ವಿಷದ ತೀವ್ರತೆ ಋತುವನ್ನು ಅವಲಂಬಿಸಿರುವುದು ಕಂಡಿತು. ಬೇಸಿಗೆಯಲ್ಲಿ ತೆಗೆದ ತೊಗಟೆ ಅತ್ಯಂತ ಹೆಚ್ಚು ವಿಷಕಾರಿಯಾಗಿತ್ತು. ಮಳೆಗಾಲದ ನಡುವೆ, ಆಟಿಯಲ್ಲಿ ಮಾತ್ರ ತೊಗಟೆ ತರಬೇಕೆಂಬ ತುಳುವರ ಕಟ್ಟಳೆಯನ್ನು ಇದರೊಡನೆ ಇಟ್ಟು ನೋಡುವ ಆಸೆ ಸಹಜ. ಆದರೆ ಇದರಿಂದ ಆಚರಣೆ ಸಿದ್ಧವಾಯಿತೆಂದು ತೀರ್ಮಾನಿಸುವುದು ಅವಸರವಾಗುತ್ತದೆ. ಪ್ರಯೋಗದಲ್ಲಿ ಬಳಸಿದ್ದು ಮದ್ಯಸಾರ ಬೆರೆತ ನೀರಿನ ಸಾರ, ಮನೆಯಲ್ಲಿ ಮಾಡುವುದು ನೀರಿನ ಕಷಾಯ. ಪ್ರಯೋಗ ಇಲಿಗಳ ಮೇಲಿನದು. ಹೇಳಬಹುದಾದುದಿಷ್ಟು: ತೊಗಟೆಯ ಗುಣ ಋತುವಿನೊಂದಿಗೆ ಬದಲಾಗುತ್ತದೆ, ಆದ್ದರಿಂದ ಋತುವಿನ ಕಟ್ಟಳೆ ನಿರರ್ಥಕವಲ್ಲ. ಕಾಲವನ್ನು ಹೇಳದೆ ತೊಗಟೆಯನ್ನು ಮಾತ್ರ ಹೊಗಳುವ ಬರೆಹ ಅಪೂರ್ಣ.

ಜಗೇಟಿಯಾ ಮತ್ತು ಬಾಳಿಗಾ ಅವರ ಇನ್ನೊಂದು ಅಧ್ಯಯನ ಹಾಲೆಯ ಸಾರವನ್ನು ಬರ್ಬರೀನಿನೊಡನೆ ಕೂಡಿಸಿ ಪರೀಕ್ಷಿಸಿತು. ಬರ್ಬರೀನ್ ಘಟ್ಟದ ತಪ್ಪಲಿನ ಮರದರಿಶಿನ ಬಳ್ಳಿಯಲ್ಲಿ ಹೇರಳವಾಗಿದೆ. ಇಲ್ಲಿಯೂ ಹೆಸರಿನ ತೊಡಕಿದೆ. ದಾರುಹರಿದ್ರಾ ಎಂಬ ಒಂದೇ ಸಂಸ್ಕೃತ ಹೆಸರಿನಲ್ಲಿ ಉತ್ತರ ಭಾರತದಲ್ಲಿ ಬರ್ಬೆರಿಸ್ ಪೊದೆಯೂ ದಕ್ಷಿಣದಲ್ಲಿ ಮರದರಿಶಿನವೂ ಮಾರಾಟವಾಗುತ್ತವೆ. ನಿಧಾನವಾಗಿ ಬೆಳೆಯುವ ಈ ಬಳ್ಳಿ ಅತಿ ಸಂಗ್ರಹಣೆಯಿಂದ ವಿರಳವಾಗಿದೆ. ಬೆಂಗಳೂರಿನ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆಯೂ ಅರಣ್ಯ ಇಲಾಖೆಯೂ ಸೇರಿ 1990ರ ದಶಕದಲ್ಲಿ ಔಷಧ ಸಸ್ಯಗಳ ರಕ್ಷಿತ ಕ್ಷೇತ್ರಗಳನ್ನು ಗುರುತಿಸಿದಾಗ ಸುಬ್ರಹ್ಮಣ್ಯದ ಕಾಡೂ ಅವುಗಳಲ್ಲೊಂದಾಯಿತು.

ಕ್ಯಾನ್ಸರನ್ನು ಕೊಲ್ಲುವುದಕ್ಕಲ್ಲದೆ, ಚಿಕಿತ್ಸೆಯ ಕಾಟವನ್ನು ತಗ್ಗಿಸುವುದಕ್ಕೂ ಗಿಡಗಳನ್ನು ಪರೀಕ್ಷಿಸಲಾಗಿದೆ. ಮಣಿಪಾಲದಲ್ಲಿ ಪಿ. ಉಮಾದೇವಿ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ತುಳಸಿಯ ಸಾರಕ್ಕೂ ಅದರ ಓರಿಯೆಂಟಿನ್, ವಿಸೆನಿನ್ ಎಂಬ ವಸ್ತುಗಳಿಗೂ ಇಲಿಗಳನ್ನು ವಿಕಿರಣದಿಂದ ರಕ್ಷಿಸುವ ಗುಣವಿರುವುದನ್ನು ತೋರಿಸಿದರು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶರದಿನಿ ಡಹಾಣೂಕರ್ ಮತ್ತು ಊರ್ಮಿಳಾ ಥತ್ತೆ ಅಮೃತಬಳ್ಳಿಯನ್ನು ಈ ದೃಷ್ಟಿಯಿಂದ ಅಧ್ಯಯನ ಮಾಡಿದರು. ಇವು ಹೆಚ್ಚಾಗಿ ಪ್ರಾಣಿಗಳ ಮೇಲಿನ ಪ್ರಯೋಗಗಳು. ಮನುಷ್ಯರ ಮೇಲಿನ ಪರೀಕ್ಷೆಗಳೂ ಕೆಲವಿವೆ. ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವಾಂತಿ ತಡೆಯುವ ಔಷಧದ ಜೊತೆಗೆ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಶುಂಠಿ ಸೇವಿಸಿದ ಕಿಮೋಥೆರಪಿ ರೋಗಿಗಳಲ್ಲಿ ಮೊದಲ ದಿನದ ಓಕರಿಕೆ ಕಡಿಮೆಯಾಯಿತು. ಮಂಗಳೂರಿನಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ 80 ಮಂದಿ ರೋಗಿಗಳ ಮೇಲೆ ಬಾಳಿಗಾ ಮುಂತಾದವರು ನಡೆಸಿದ ಅಧ್ಯಯನದಲ್ಲಿ ಅರಿಶಿನದ ನೀರಿನಿಂದ ಬಾಯಿ ಮುಕ್ಕಳಿಸಿದವರಿಗೆ ವಿಕಿರಣ ಚಿಕಿತ್ಸೆಯಿಂದಾಗುವ ಬಾಯಿಹುಣ್ಣು ತಡವಾಗಿ, ಕಡಿಮೆ ತೀವ್ರತೆಯಲ್ಲಿ ಬಂತು. ಮೂರೂ ತಾಲೂಕುಗಳ ರೋಗಿಗಳು ಚಿಕಿತ್ಸೆಗೆ ಹೋಗುವುದು ಬಹುಮಟ್ಟಿಗೆ ಮಂಗಳೂರಿಗೆ. ತಂಬಾಕು ಮತ್ತು ಅಡಿಕೆ ಜಗಿಯುವ ಅಭ್ಯಾಸ ಬಾಯಿಯ ಕ್ಯಾನ್ಸರಿಗೆ ಕಾರಣ. ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿದ್ದು ಅಡಿಕೆಯನ್ನೇ ನಂಬಿದ ಈ ಸೀಮೆಗೆ ನುಂಗಲಾರದ ತುತ್ತು. ಇಂಥ ಕಡೆ ಅರಿಶಿನದ ಅಧ್ಯಯನಕ್ಕೆ ಸ್ಥಳೀಯ ಮಹತ್ವವಿದೆ. ಅದು ಹೇಳಿದ್ದು ಬಾಯಿಹುಣ್ಣಿನ ಬಗ್ಗೆ, ಕ್ಯಾನ್ಸರಿನ ಬಗ್ಗೆ ಅಲ್ಲ ಎಂಬುದನ್ನು ಮಾತ್ರ ಮರೆಯಬಾರದು.

7. ಶೀಶೆಯ ಮೇಲಿನ ಚೀಟಿ

ಆಧುನಿಕ ಔಷಧದಲ್ಲಿ ಗುರುತು ಕೊನೆಗೆ ಸೇರುವುದು ಶೀಶೆಯ ಮೇಲಿನ ಚೀಟಿಗೆ. ವಿನ್‌ಕ್ರಿಸ್ಟಿನ್ ಶೀಶೆಯ ಮೇಲೆ, ಇದನ್ನು ರಕ್ತನಾಳಕ್ಕೆ ಮಾತ್ರ ಕೊಡತಕ್ಕದ್ದು, ಬೇರೆ ದಾರಿಯಿಂದ ಕೊಟ್ಟರೆ ಮಾರಕ ಎಂಬ ಎಚ್ಚರಿಕೆ ಇರುತ್ತದೆ. ಲ್ಯುಕೇಮಿಯಾ ಚಿಕಿತ್ಸೆಯಲ್ಲಿ ಬೇರೊಂದು ಔಷಧವನ್ನು ಬೆನ್ನುಹುರಿಯ ದ್ರವಕ್ಕೆ ಚುಚ್ಚುವ ಕ್ರಮವಿದೆ. ಸಿರಿಂಜುಗಳು ಅದಲುಬದಲಾಗಿ ವಿನ್‌ಕ್ರಿಸ್ಟಿನ್ ಅಲ್ಲಿಗೆ ಸೇರಿದಾಗ ರೋಗಿಗಳು ಸತ್ತಿದ್ದಾರೆ. ಚೀಟಿಯಿದ್ದೂ ಹೀಗಾದುದರಿಂದ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಎಚ್ಚರಿಕೆ ಹೊರಡಿಸಿ, ಔಷಧವನ್ನು ಸಿರಿಂಜಿನ ಬದಲು ಸಣ್ಣ ಚೀಲದಲ್ಲಿ ತೆಳುವಾಗಿಸಿ ಕೊಡಬೇಕೆಂದು ಸಲಹೆ ನೀಡಿತು. ಓದದ ಚೀಟಿಯಿಂದ ಪ್ರಯೋಜನವಿಲ್ಲ, ಆದ್ದರಿಂದ ಔಷಧದ ಆಕಾರವೇ ಗುರುತಾಗಬೇಕು ಎಂಬ ತತ್ತ್ವ ಇದರ ಹಿಂದಿದೆ. ಕಬ್ಬಿಣ ತಾಗಿಸದೆ ಕಲ್ಲಿನಿಂದ ತೊಗಟೆ ತೆಗೆಯುವ ಕಟ್ಟಳೆಯೂ ಕೆಲಸದ ರೀತಿಯನ್ನೇ ಎಚ್ಚರವಾಗಿಸುವ ಇಂಥದೇ ಉಪಾಯವಾಗಿದ್ದಿರಬಹುದು.

ಆಯುರ್ವೇದ ಔಷಧಗಳಿಗೂ ಭಾರತದಲ್ಲಿ ಚೀಟಿಯ ಕಾನೂನಿದೆ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಗೆ 1964ರಲ್ಲಿ ಮಾಡಿದ ತಿದ್ದುಪಡಿಯಿಂದ ಇವು ಅದರ ವ್ಯಾಪ್ತಿಗೆ ಬಂದವು. ಔಷಧದ ಘಟಕಗಳನ್ನು ಚೀಟಿಯಲ್ಲಿ ತಿಳಿಸಬೇಕು. ನಿಯಮಗಳ ಇ(1) ಅನುಸೂಚಿಯಲ್ಲಿ ಹೆಸರಿಸಿದ ವಿಷದ್ರವ್ಯಗಳಿದ್ದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಇರಬೇಕು. ವಿಷಮುಷ್ಟಿ ಎಂಬ ಹೆಸರಿನಲ್ಲಿ ಕಾಸರಕ ಈ ಪಟ್ಟಿಯಲ್ಲಿದೆ. ಕ್ಯಾನ್ಸರ್ ವಾಸಿಮಾಡುವುದಾಗಿ ಜಾಹೀರಾತು ಕೊಡುವುದನ್ನು 1954ರ ಕಾಯಿದೆ ನಿಷೇಧಿಸಿದೆ. ಆದರೆ ಮನೆಯಲ್ಲಿ ಮಾಡುವ ಕಷಾಯಕ್ಕೆ, ಸಂಜೆಯ ಹೊತ್ತು ಮಾರಾಟಕ್ಕೆ ಬರುವ ತೊಗಟೆಯ ಕಟ್ಟಿಗೆ ಚೀಟಿಯಿಲ್ಲ. ಹಿಂದೆ ಅಲ್ಲಿ ಆಚರಣೆಯೇ ಚೀಟಿಯಾಗಿತ್ತು. ಇಂದು ಪೇಟೆಗಳಲ್ಲಿ ಆಟಿ ಕಷಾಯವನ್ನು ಸಾರ್ವಜನಿಕವಾಗಿ ಹಂಚುವ ಕಾರ್ಯಕ್ರಮಗಳು ನಡೆಯುತ್ತವೆ. ಲೋಟ ಹಿಡಿದವನಿಗೆ ಮರವನ್ನು ನೋಡಿದ ನೆನಪಿಲ್ಲ, ತಂದವನು ಯಾರೆಂದು ಗೊತ್ತಿಲ್ಲ. ವಸ್ತು ಉಳಿದಿದೆ, ಗುರುತು ಸಡಿಲಾಗಿದೆ.

ಗುರುತು ಸಡಿಲಾದರೆ ಏನಾಗುತ್ತದೆಂಬುದಕ್ಕೆ ಈಚಿನ ಉದಾಹರಣೆ ಅಮೃತಬಳ್ಳಿಯದು. ಕೋವಿಡ್ ಕಾಲದಲ್ಲಿ ಇದರ ಕಷಾಯ ಸೇವಿಸಿದ ಆರು ರೋಗಿಗಳ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಈ ವರದಿಯನ್ನು ಆಕ್ಷೇಪಿಸಿ, ಅಮೃತಬಳ್ಳಿಯ ಬದಲು ಅದನ್ನೇ ಹೋಲುವ ಬೇರೆ ಜಾತಿಯ ಬಳ್ಳಿ ಬಳಕೆಯಾಗಿರಬಹುದೆಂಬ ಪ್ರಶ್ನೆಯನ್ನೆತ್ತಿತು. ಚರ್ಚೆ ಗಿಡ ಒಳ್ಳೆಯದೇ ಕೆಟ್ಟದ್ದೇ ಎಂಬುದಕ್ಕಿಂತ ಅದು ಯಾವ ಗಿಡ ಎಂಬಲ್ಲಿ ಬಂದು ನಿಂತಿತು.

ಸರಿಯಾದ ಗಿಡವೇ ಆದರೂ ಕಿಮೋಥೆರಪಿಯ ಜೊತೆಗೆ ಅದು ಸೇರಿದಾಗ ಬೇರೆ ಪ್ರಶ್ನೆ ಏಳುತ್ತದೆ. ಯುರೋಪಿನಲ್ಲಿ ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಇರಿನೊಟೆಕಾನ್ ಪಡೆಯುತ್ತಿದ್ದ ರೋಗಿಗಳಿಗೆ ಕೊಟ್ಟು ನೆದರ್‌ಲ್ಯಾಂಡ್ಸಿನ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಚಿಕ್ಕದು, ಐದೇ ರೋಗಿಗಳದ್ದು. ಫಲಿತಾಂಶ ಮಾತ್ರ ಗಂಭೀರ. ಔಷಧದ ಸಕ್ರಿಯ ರೂಪ ರಕ್ತದಲ್ಲಿ ಶೇಕಡ 42ರಷ್ಟು ಇಳಿದಿತ್ತು. ಮೂಲಿಕೆಯು ಯಕೃತ್ತಿನ ಕಿಣ್ವಗಳನ್ನು ಪ್ರಚೋದಿಸಿ ಔಷಧವನ್ನು ಬೇಗನೆ ಹೊರಹಾಕಿಸಿತ್ತು. ಇಂಥ ಸಂದರ್ಭದಲ್ಲಿ ಅಡ್ಡಪರಿಣಾಮ ಕಡಿಮೆಯಾದಂತೆ ರೋಗಿಗೆ ಅನಿಸಬಹುದು. ಕಡಿಮೆಯಾದದ್ದು ಅಡ್ಡಪರಿಣಾಮವಲ್ಲ, ಔಷಧವೇ. ಚಿಕಿತ್ಸೆಯ ನಡುವೆ ಯಾವುದೇ ಕಷಾಯವನ್ನು ವೈದ್ಯರಿಗೆ ತಿಳಿಸದೆ ಕುಡಿಯಬಾರದೆಂಬ ಮಾತಿಗೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

8. ಉಪಸಂಹಾರ

ಮೇಲಿನ ಅವಲೋಕನದಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಪುತ್ತೂರು, ಸುಳ್ಯ, ಕಡಬ ಪ್ರದೇಶದ ಮದ್ದಿನ ಪರಂಪರೆಯೂ ಆಧುನಿಕ ಔಷಧ ವಿಜ್ಞಾನವೂ ಒಂದೇ ಸಮಸ್ಯೆಯನ್ನು ಎದುರಿಸಿವೆ. ಪ್ರಬಲವಾದ ವಸ್ತುವನ್ನು ಅದರ ಕಟ್ಟುಪಾಡುಗಳೊಂದಿಗೆ ಕೈಯಿಂದ ಕೈಗೆ ದಾಟಿಸುವುದು ಹೇಗೆ ಎಂಬುದೇ ಆ ಸಮಸ್ಯೆ. ಆಚರಣೆ, ಸಸ್ಯನಾಮ, ಅಣುರಚನೆ, ಮುದ್ರಿತ ಚೀಟಿ ಇವು ಅದಕ್ಕೆ ಬೇರೆ ಬೇರೆ ಕಾಲಗಳು ಕಂಡುಕೊಂಡ ಉತ್ತರಗಳು. ಒಂದನ್ನು ಇನ್ನೊಂದರ ಶತ್ರುವೆಂದು ಭಾವಿಸಬೇಕಾಗಿಲ್ಲ. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರ ಪ್ರಯತ್ನದಿಂದ ಆಯುರ್ವೇದ ಮತ್ತು ಆಧುನಿಕ ವೈದ್ಯಕೀಯ ಕಾಲೇಜುಗಳೆರಡೂ ನೆಲೆಗೊಂಡಿರುವುದು ಇಂಥ ಜಂಟಿ ಅಧ್ಯಯನಕ್ಕೆ ಅನುಕೂಲವಾದ ಪರಿಸ್ಥಿತಿ.

ಆಗಬೇಕಾದ ಕೆಲಸಗಳು ಎರಡು. ಮೊದಲನೆಯದು ದಾಖಲಾತಿ. ಈ ಪ್ರದೇಶದ ಪ್ರತಿಯೊಂದು ಭಾಷಾ ಸಮುದಾಯದ ಮದ್ದುಗಳನ್ನು ಸಂಗ್ರಹಿಸುವಾಗ ರೋಗದ ಹೆಸರಿನ ಜೊತೆಗೆ ಋತು, ಪ್ರಮಾಣ, ಪಥ್ಯ, ನಿಷೇಧಗಳನ್ನೂ ಬರೆದುಕೊಂಡು, ಒಣಗಿಸಿದ ಸಸ್ಯಮಾದರಿಯನ್ನು ಹರ್ಬೇರಿಯಂನಲ್ಲಿ ಇಡಬೇಕು. ಕೆ. ಗೋಪಾಲಕೃಷ್ಣ ಭಟ್ಟರ ದಕ್ಷಿಣ ಕನ್ನಡದ ಸಸ್ಯಸಂಪತ್ತಿನ ಗ್ರಂಥ ಹೆಸರುಗಳನ್ನು ಹೊಂದಿಸಿಕೊಳ್ಳಲು ಆಧಾರವಾಗಿ ದೊರೆಯುತ್ತದೆ. ಎರಡನೆಯದು ಪರೀಕ್ಷೆ. ಆಟಿ ಅಮಾವಾಸ್ಯೆಯಂದು ಮನೆಯಲ್ಲಿ ಮಾಡಿದ ನೀರಿನ ಕಷಾಯವನ್ನೇ ಬೇಸಿಗೆಯ ತೊಗಟೆಯ ಕಷಾಯದೊಡನೆ ಹೋಲಿಸಿ, ಎಕಿಟಮೀನ್ ಮುಂತಾದವುಗಳ ಪ್ರಮಾಣವನ್ನು ಅಳೆಯಬೇಕು.

ಆಟಿಯ ಮುನ್ನಾದಿನ ಹಗಲಿನಲ್ಲಿ ಗುಡ್ಡಕ್ಕೆ ಹೋಗಿ, ಎಲೆಯ ಸುತ್ತನ್ನು ಎಣಿಸಿ, ಹಾಲು ಒಸರುವುದನ್ನು ಕಂಡು, ಇದೇ ಮರ ಎಂದು ನಿಶ್ಚಯಿಸಿಕೊಂಡು ಬಂದ ಹಿರಿಯರು ಸಂಶೋಧನೆಯ ಮೊದಲ ಹೆಜ್ಜೆಯನ್ನೇ ಇಟ್ಟಿದ್ದರು. ಆ ಹೆಜ್ಜೆಯನ್ನು ಬಿಟ್ಟು ಕಷಾಯವನ್ನು ಮಾತ್ರ ಉಳಿಸಿಕೊಂಡರೆ ಪರಂಪರೆಯನ್ನು ಉಳಿಸಿದಂತಾಗುವುದಿಲ್ಲ.